ಅಪ್ಪ, ಪಕ್ಕದ್ಮನೆ ತಾತ ಮತ್ತು ಒಂದು ಹಿಡಿ

ಅಮೆರಿಕದಲ್ಲಿರೋ ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರ ಆರು ತಿಂಗಳು ಹೇಗೆ ಕಳೆಯುತ್ತೆ ಅಂತ ಇಲ್ಲಿರೋರಿಗೆಲ್ಲ ಗೊತ್ತು. ಮೊದಲ ಹದಿನೈದು ದಿನ ನಯಾಗರ, ನ್ಯೂಯಾರ್ಕು. ಆಮೇಲೆ ಕಿಟಕಿ. ನನ್ನ ಅಪ್ಪ 2012ರ ಏಪ್ರಿಲ್‌ನಲ್ಲಿ ಓಹಿಯೋದ ನಮ್ಮ ಮನೆಗೆ ಬಂದಾಗ ಕಿಟಕಿಯ ಹತ್ತಿರ ಹೋಗೋಕೆ ನಾಲ್ಕೇ ದಿನ ಸಾಕಾಯ್ತು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅರಸೀಕೆರೆಯ ಮನೆಗೆ ಬೀಗ ಹಾಕಿಸಿ, ನಾನೇ ಜಗಳ ಮಾಡಿ ಕರೆಸಿಕೊಂಡಿದ್ದೆ.

ಅಪ್ಪ ಪೊಲೀಸ್ ಇಲಾಖೆಯಲ್ಲಿದ್ದರು. ಪೊಲೀಸ್ ಅಂದರೆ ಕಳ್ಳರ ಹಿಂದೆ ಓಡುವ ಪೊಲೀಸ್ ಅಲ್ಲ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಶಸ್ತ್ರಾಗಾರದಲ್ಲಿ ಬಂದೂಕು ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ, ಜೋಡಿಸಿ, ಲೆಕ್ಕ ಬರೆದಿಡೋ ದಫೇದಾರ. ಇಪ್ಪತ್ತೆಂಟು ವರ್ಷ ಅದೇ ಕೆಲಸ. ಚಿಕ್ಕಂದಿನಲ್ಲಿ ನನಗೆ ಅಪ್ಪನ ವಾಸನೆ ಅಂದರೆ ಬಂದೂಕಿನ ಎಣ್ಣೆ ಮತ್ತು ಬೀಡಿ. ಆದರೆ ಮನೆಯಲ್ಲಿ ಒಂದು ದಿನವೂ ಆಯುಧದ ಮಾತು ಆಡಿದವರಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ತಾತ ಇದ್ದರು. ಎಪ್ಪತ್ತೇಳೋ ಎಪ್ಪತ್ತೆಂಟೋ ವಯಸ್ಸು, ಮರಗೆಲಸ ಮಾಡಿ ನಿವೃತ್ತರಾದವರು. ಹಿಂದಿನ ಚಳಿಗಾಲದಲ್ಲಿ ಹೆಂಡತಿ ತೀರಿಕೊಂಡಿದ್ದರು. ಗ್ಯಾರೇಜಿನ ಬಾಗಿಲು ತೆರೆದಿಟ್ಟುಕೊಂಡು, ಕೆಲಸದ ಬೆಂಚಿನ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಮಾರ್ಚ್‌ನಲ್ಲಿ ಅವರ ನಾಯಿಯನ್ನು ಮಗಳು ಕರೆದುಕೊಂಡು ಹೋಗಿದ್ದಳು. ಅಪ್ಪ ಬರೋ ಹಿಂದಿನ ವಾರ ನಮ್ಮ ಮನೆ ಬೆಲ್ ಮಾಡಿ, ಹೆಂಡತಿಯ ಹೊಲಿಗೆ ಮಿಷನ್ನು ನನ್ನ ಕೈಗಿಟ್ಟು, "ನಿನಗೆ ಉಪಯೋಗ ಆಗುತ್ತೆ, ಇಟ್ಟುಕೋ" ಅಂದಿದ್ದರು. ಎಷ್ಟು ಒಳ್ಳೆಯವರಪ್ಪ ಅಂತ ನಾನು ಖುಷಿಪಟ್ಟಿದ್ದೆ.

ಒಂದು ಸಂಜೆ ಆಫೀಸಿನಿಂದ ಬಂದಾಗ ಅಪ್ಪನ ಮುಖದಲ್ಲಿ ಏನೋ ಕಳೆ.

"ಪುಟ್ಟಿ, ಪಕ್ಕದ್ಮನೆಯವ್ರ ಹತ್ರ ಎರಡು ರಿವಾಲ್ವರ್ ಇದೆ ಕಣಮ್ಮ. ಸ್ಮಿತ್ ಅಂಡ್ ವೆಸ್ಸನ್ನು. ಒಂದು ದೊಡ್ಡದು, ಒಂದು ಸಣ್ಣದು."

ನನ್ನ ಎದೆ ಧಸಕ್ಕಂತು. ನಾನು ಎಚ್1ಬಿ ವೀಸಾದಲ್ಲಿದ್ದೆ, ಅಪ್ಪ ಪ್ರವಾಸಿ ವೀಸಾದಲ್ಲಿ. ಇಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ ಅಂತ ಇಲ್ಲಿನ ಕೇಂದ್ರ ಕಾನೂನು. ಬೇಟೆ ಲೈಸೆನ್ಸು ಅದೂ ಇದೂ ಅಂತ ಕೆಲವು ವಿನಾಯಿತಿ ಇದೆ, ನಮಗೆ ಅದ್ಯಾವುದೂ ಇರಲಿಲ್ಲ. "ಅಪ್ಪಾ, ಮುಟ್ಟಿದ್ರಾ?" ಅಂತ ಕೂಗಿಯೇಬಿಟ್ಟೆ.

ಅಪ್ಪನಿಗೆ ಬೇಜಾರಾಯ್ತು. "ರಿಜಿಸ್ಟರಿಗೆ ಸಹಿ ಹಾಕ್ದೆ ಆಯುಧ ಮುಟ್ಟಿದ ಅಭ್ಯಾಸ ನನಗಿಲ್ಲ. ಕೈ ಹಿಂದೆ ಕಟ್ಕೊಂಡೇ ನೋಡ್ದೆ" ಅಂದರು. ಆಮೇಲೆ ಮೆಲ್ಲಗೆ, "ಅವ್ರಿಗೆ ಏನೋ ಸಹಾಯ ಬೇಕು. ಹಿಡಿ ಕೂರ್ತಿಲ್ಲ. ನನ್ನ ಇಂಗ್ಲಿಷು ಸಾಲ್ದು, ನಾಳೆ ನೀನು ಬಾ."

ಮರುದಿನ ಶನಿವಾರ. ತಾತ ಎರಡೂ ರಿವಾಲ್ವರುಗಳ ಸಿಲಿಂಡರ್ ಪಕ್ಕಕ್ಕೆ ತೆಗೆದು, ಖಾಲಿ ಅಂತ ನಮ್ಮಿಬ್ಬರಿಗೂ ತೋರಿಸಿ, ಬಟ್ಟೆಯ ಮೇಲಿಟ್ಟರು. ಅಪ್ಪ ತಲೆಯಾಡಿಸಿದರು. ನಮ್ಮ ಕಡೆ ಪೊಲೀಸರ ಸೊಂಟದಲ್ಲಿರುತ್ತಿದ್ದ ವೆಬ್ಲಿ ರಿವಾಲ್ವರ್ ಹೀಗಲ್ಲ, ಅದು ಮಧ್ಯದಲ್ಲಿ ಮುರಿದ ಹಾಗೆ ಬಾಗಿ ತೆರೆದುಕೊಳ್ಳುತ್ತೆ ಅಂತ ಅಪ್ಪ ಕೈಸನ್ನೆ ಮಾಡಿದ್ದು ತಾತನಿಗೆ ತಕ್ಷಣ ಅರ್ಥವಾಯ್ತು. "ವೆಬ್ಲಿ!" ಅಂತ ಕಣ್ಣರಳಿಸಿದರು. ಇಬ್ಬರ ಭಾಷೆ ಅಲ್ಲಿಗೇ ಶುರುವಾಯ್ತು. ನಾನು ನಡುವೆ ದುಭಾಷಿ ಅಂತ ಹೆಸರಿಗೆ ಮಾತ್ರ.

ವಿಷಯ ಇಷ್ಟು. ದೊಡ್ಡ ರಿವಾಲ್ವರ್ ತಾತನ ಅಪ್ಪನದು. ಅವರೂ ಪೊಲೀಸ್, ಸಣ್ಣ ಊರಿನ ಪೊಲೀಸ್. ಅದರ ಹಿಡಿಗೆ ಎರಡೂ ಬದಿ ತೆಳ್ಳಗಿನ ವಾಲ್‌ನಟ್ ಮರದ ಪಟ್ಟಿ, ಬೆನ್ನಿನ ಕಡೆ ಬರೀ ಕಬ್ಬಿಣ. ತಾತನಿಗೆ ಸಂಧಿವಾತ. ಬೆರಳಿನ ಗೆಣ್ಣುಗಳೆಲ್ಲ ಊದಿಕೊಂಡು, ಆ ತೆಳ್ಳಗಿನ ಹಿಡಿಯನ್ನು ಬಿಗಿಯಾಗಿ ಹಿಡಿಯೋಕೆ ಆಗ್ತಿರಲಿಲ್ಲ. ಅದಕ್ಕೆ ಮೆತ್ತಗಿನ ದಪ್ಪ ರಬ್ಬರ್ ಗ್ರಿಪ್ ತರಿಸಿದ್ದರು. ಅದು ಕೂರುತ್ತಲೇ ಇಲ್ಲ. ಅಳತೆ ಸರಿಯಾಗೇ ನೋಡಿದ್ದೆ, 'ಕೆ' ಅಂತಲೇ ಇದೆ, ನೋಡಿ ಅಂತ ಪೊಟ್ಟಣ ತೋರಿಸಿದರು.

ಈ 'ಕೆ' ಏನು ಅಂತ ನನಗೂ ಅವತ್ತೇ ಗೊತ್ತಾಗಿದ್ದು. ಸ್ಮಿತ್ ಅಂಡ್ ವೆಸ್ಸನ್‌ನವರು ರಿವಾಲ್ವರಿನ ಫ್ರೇಮಿಗೆ, ಅಂದರೆ ಅದರ ಕಬ್ಬಿಣದ ಅಸ್ಥಿಪಂಜರಕ್ಕೆ, ಅಕ್ಷರದ ಹೆಸರಿಟ್ಟಿದ್ದಾರೆ. 'ಜೆ' ಸಣ್ಣದು. 1950ರಲ್ಲಿ ಬಂದದ್ದು. .38 ಸ್ಪೆಷಲ್ ಗುಂಡು ಐದು ಹಿಡಿಯುತ್ತೆ, ಜೇಬಿನಲ್ಲಿ ಕೂರುತ್ತೆ. 'ಕೆ' ಮಧ್ಯಮ. 1899ರಿಂದ ಇರೋದು, ಆರು ಗುಂಡಿನದು. ಅಮೆರಿಕದ ಪೊಲೀಸರು ತಲೆಮಾರುಗಟ್ಟಲೆ ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದ್ದು ಇದನ್ನೇ. 'ಎನ್' ದೊಡ್ಡದು. 1908ರಲ್ಲಿ .44ರ ಗುಂಡಿಗೆ ಅಂತ ಮಾಡಿದ್ದು. 1971ರ 'ಡರ್ಟಿ ಹ್ಯಾರಿ' ಸಿನಿಮಾದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಹಿಡಿದಿದ್ದು ಈ ಜಾತಿಯದು. 'ಎಲ್' ಈ ನಾಲ್ಕರಲ್ಲಿ ಕಿರಿಯದು, 1980ರ ದಶಕದ ಶುರುವಿನದು. ಜೋರಿನ ಮ್ಯಾಗ್ನಮ್ ಗುಂಡು ಹೊಡೆದೂ ಹೊಡೆದೂ 'ಕೆ' ಸವೆಯುತ್ತೆ ಅಂತ, ಅದಕ್ಕಿಂತ ಗಟ್ಟಿ, 'ಎನ್'ಗಿಂತ ಹಗುರ ಇರೋ ಹಾಗೆ ಮಾಡಿದ್ದು.

ಗೊಂದಲ ಶುರುವಾಗೋದು ಇಲ್ಲೇ. ಮೈ ದೊಡ್ಡದಾದರೂ 'ಎಲ್'ನ ಹಿಡಿಯ ಅಳತೆ 'ಕೆ'ದೇ. ಅದಕ್ಕೇ ಪೊಟ್ಟಣದ ಮೇಲೆ 'ಕೆ/ಎಲ್' ಅಂತ ಒಟ್ಟಿಗೆ ಬರೆದಿರುತ್ತಾರೆ. ಸಣ್ಣ 'ಜೆ'ಯ ಹಿಡಿ 'ಕೆ'ಗೆ ಆಗಲ್ಲ, ಹಳೆಯ 'ಎನ್'ನ ಹಿಡಿಯೂ ಆಗಲ್ಲ. ಅದೇ ಕಾಲದ ಬೇರೆ ಕಂಪನಿಯ ರಿವಾಲ್ವರ್ ಕೈಗೆ ಅಷ್ಟೇ ಗಾತ್ರ ಅನಿಸಿದರೂ ಅದರ ಹಿಡಿಯಂತೂ ಖಂಡಿತ ಇದಕ್ಕೆ ಕೂರಲ್ಲ. ಕೋಲ್ಟ್‌ನವರ ಅಳತೆಯೇ ಬೇರೆ. ರೂಗರ್‌ನವರು 1980ರ ದಶಕದಲ್ಲಿ ಮಾಡಿದ ಜಿಪಿ100ಕ್ಕೆ ಹಿಡಿಯ ಸುತ್ತಲಿನ ಚೌಕಟ್ಟೇ ಇಲ್ಲ. ಒಂದು ಕಬ್ಬಿಣದ ಗೂಟ ಇಳಿಬಿಟ್ಟಿದ್ದಾರೆ, ಗುದ್ದಲಿಗೆ ಕಾವು ಹಾಕಿದ ಹಾಗೆ ಅದರ ಸುತ್ತ ಯಾವ ಆಕಾರದ ಹಿಡಿ ಬೇಕಾದರೂ ಕೂರಿಸಬಹುದು.

ಸರಿ, ತಾತ ತರಿಸಿದ್ದು 'ಕೆ'ದೇ, ರಿವಾಲ್ವರೂ 'ಕೆ'ನೇ. ಹಾಗಾದರೆ ಯಾಕೆ ಕೂರಲಿಲ್ಲ?

ಅಪ್ಪ ಬೆಂಚಿನ ಮೇಲೆ ಬಗ್ಗಿ, ಕೈ ಹಿಂದೆ ಕಟ್ಟಿಕೊಂಡೇ ಐದು ನಿಮಿಷ ನೋಡಿದರು. ಆಮೇಲೆ, "ಆ ಮರದ ಪಟ್ಟಿ ಬಿಚ್ಚೋಕೆ ಹೇಳು" ಅಂದರು. ತಾತ ಒಂದೇ ಒಂದು ತಿರುಪು ಬಿಚ್ಚಿದರು. ಎರಡು ಪಟ್ಟಿಗಳೂ ಕೈಗೆ ಬಂದವು. "ಅದು ಬರೀ ಮರ. ಅದನ್ನ ಮುಟ್ಟಬಹುದಲ್ವಾ?" ಅಂತ ನನ್ನ ಕೇಳಿದರು. ಮುಟ್ಟಬಹುದು ಅಂದೆ. ಆಗ ಮೊದಲ ಸಲ ಅಪ್ಪನ ಕೈ ಬೆನ್ನ ಹಿಂದಿನಿಂದ ಮುಂದೆ ಬಂತು.

ಬಲಗಡೆ ಪಟ್ಟಿ ಮಗುಚಿ ನೋಡಿದ ಅಪ್ಪ ಸಣ್ಣಗೆ ನಕ್ಕರು. ಒಳಮೈಯಲ್ಲಿ ಅಂಕಿಗಳ ಗುರುತು. ಆ ಕಾಲದ ಕಾರ್ಖಾನೆಯಲ್ಲಿ ಒಂದೊಂದು ಫ್ರೇಮಿಗೂ ಅದರದೇ ಮರ ಕೂರಿಸಿ, ಫ್ರೇಮಿನ ನಂಬರನ್ನೇ ಒಳಗೆ ಹಾಕುತ್ತಿದ್ದರಂತೆ. "ನಮ್ಮಲ್ಲಿ ರೈಫಲ್ಲಿಗೆ ಬಟ್ ನಂಬರ್ ಇರುತ್ತಲ್ಲ, ಹಂಗೆ. ಇದು ಹುಟ್ಟಿದಾಗಿನ ಜೋಡಿ. ಯಾವತ್ತೂ ಬದ್ಲಾಗಿಲ್ಲ" ಅಂದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ತಾತ ತುಂಬಾ ಹೊತ್ತು ಪಟ್ಟಿಯನ್ನೇ ನೋಡಿದರು. ಎಪ್ಪತ್ತು ವರ್ಷದಿಂದ ಮನೆಯಲ್ಲಿದ್ದ ವಸ್ತು, ಆ ನಂಬರನ್ನು ಅವರು ನೋಡಿರಲಿಲ್ಲವಂತೆ.

ಆಮೇಲೆ ಅಪ್ಪ ತಾತನ ಕೈಲೇ ಫ್ರೇಮಿನ ಹಿಡಿಯ ಭಾಗವನ್ನು ರಟ್ಟಿನ ಮೇಲಿಡಿಸಿ ಪೆನ್ಸಿಲ್ಲಿನಲ್ಲಿ ಸುತ್ತ ಗೆರೆ ಎಳೆಸಿದರು. ಹೊಸ ರಬ್ಬರ್ ಗ್ರಿಪ್ಪಿನ ಒಳಗಿನ ಪೊಳ್ಳನ್ನು ತಾವೇ ಅಳೆದು ಪಕ್ಕದಲ್ಲಿ ಬರೆದರು. ಆಗ ನನಗೂ ಕಂಡಿತು. ಫ್ರೇಮಿನ ತುದಿಯಲ್ಲಿ, ಹಿಂದಿನ ಮೂಲೆ ಚೌಕಾಕಾರ. ಗ್ರಿಪ್ಪಿನ ಒಳಗಡೆ ಅದೇ ಮೂಲೆ ದುಂಡಗೆ. ಹಳೆಯ ಕಾಲದಲ್ಲಿ ಒಂದೇ 'ಕೆ' ಫ್ರೇಮನ್ನು ಚೌಕ ಬಟ್ಟು, ದುಂಡು ಬಟ್ಟು ಅಂತ ಎರಡು ರೀತಿ ಮಾಡುತ್ತಿದ್ದರು. 1990ರ ದಶಕದ ಮಧ್ಯದಿಂದೀಚೆಗೆ ಬಹುತೇಕ ಎಲ್ಲ ದುಂಡು ಬಟ್ಟೇ ಆಗಿಹೋಗಿದೆ. ದುಂಡು ಫ್ರೇಮಿಗೆ ದೊಡ್ಡ ಚೌಕ ಹಿಡಿ ತೊಡಿಸಬಹುದು, ಒಳಗೆ ಜಾಗ ತುಂಬಿದರಾಯ್ತು. ಚೌಕ ಫ್ರೇಮಿಗೆ ದುಂಡು ಹಿಡಿ ಹಾಕೋಕಾಗಲ್ಲ, ಕಬ್ಬಿಣದ ಮೂಲೆ ಅಡ್ಡ ಬರುತ್ತೆ. ಪೊಟ್ಟಣದ ಮೇಲೆ 'ಕೆ/ಎಲ್' ಅನ್ನೋದರ ಕೆಳಗೆ ಸಣ್ಣ ಅಕ್ಷರದಲ್ಲಿ 'ದುಂಡು ಬಟ್ಟಿಗೆ' ಅಂತ ಇತ್ತು. ತಾತ ಅದನ್ನು ಓದಿರಲಿಲ್ಲ, ಅಷ್ಟೇ.

"ಚಪ್ಪಲಿ ನಂಬರ್ ಸರಿ ಇದ್ರೂ ಪಾದದ ಅಗಲ ನೋಡ್ಬೇಕಲ್ವಾ" ಅಂದರು ಅಪ್ಪ.

ಸಣ್ಣದು ಹೆಂಡತಿಗೆ ಅಂತ ಕೊಂಡಿದ್ದು. 'ಜೆ' ಫ್ರೇಮು. ಹೆಂಗಸರ ಕೈಗೆ ಸಣ್ಣ ಬಂದೂಕು ಅಂತ ಅಂಗಡಿಯವನು ಹೇಳಿದ್ದನಂತೆ. ಆಕೆ ಒಂದು ಸಲ ಐದು ಗುಂಡು ಹೊಡೆದು, ಅಂಗೈ ಕೆಂಪಗಾಗಿ, ಇನ್ನು ಮುಟ್ಟಲ್ಲ ಅಂದಿದ್ದರಂತೆ. ಅಪ್ಪನಿಗೆ ಇದು ಹೊಸ ವಿಷಯವೇನಲ್ಲ. ಅದೇ ಗುಂಡು, ಅರ್ಧ ಕಿಲೋ ಚಿಲ್ಲರೆಯ ಬಂದೂಕು ಒದೆಯೋ ಹಾಗೆ ಒಂದು ಕಿಲೋ ಹತ್ತಿರದ ಬಂದೂಕು ಒದೆಯಲ್ಲ. ಜೊತೆಗೆ ಸಣ್ಣ ಹಿಡಿಯಲ್ಲಿ ಕಿರುಬೆರಳಿಗೆ ಜಾಗವೇ ಇರಲ್ಲ. ಹಾಗಂತ ಹಿಡಿ ದಪ್ಪ ಮಾಡುತ್ತಾ ಹೋದರೂ ತೊಂದರೆ, ಬೆನ್ನಿನ ಕಡೆ ರಬ್ಬರ್ ಬಂದಷ್ಟೂ ಟ್ರಿಗರ್ ದೂರವಾಗುತ್ತೆ, ಸಣ್ಣ ಬೆರಳಿಗೆ ಎಟುಕಲ್ಲ. ಬ್ರಿಟಿಷರೂ ಇದೇ ಪಾಠ ಕಲಿತದ್ದು ಅಂತ ಅಪ್ಪ ಹೇಳಿದರು. ದಪ್ಪ .455 ರಿವಾಲ್ವರನ್ನು ಹೊಸಬರಿಗೆ ಬೇಗ ಕಲಿಸೋಕಾಗಲ್ಲ ಅಂತ 1932ರಲ್ಲಿ .38ರ ಎನ್‌ಫೀಲ್ಡಿಗೆ ಬಂದರು. ಕೆಲವು ವರ್ಷದ ಮೇಲೆ ಅದರ ಹಿಡಿಗೆ ಹೆಬ್ಬೆರಳು ಕೂರೋಕೆ ಒಂದು ಹಳ್ಳವನ್ನೂ ಕೊರೆದರು. "ಯಾರ ಕೈ ಅಂತ ನೋಡ್ದೆ ಆಯುಧ ಕೊಡಬಾರ್ದು" ಅನ್ನೋದು ಅಪ್ಪನ ಸಿದ್ಧಾಂತ.

ಅವತ್ತೇ ಕೂತು ಸರಿಯಾದ ಚೌಕ ಬಟ್ಟಿನ ಗ್ರಿಪ್ ಹುಡುಕಿದೆವು. ರಬ್ಬರ್ ಕೆಲವು ವರ್ಷಕ್ಕೆ ಅಂಟಂಟಾಗಬಹುದು, ಮರದ್ದಾದರೆ ತುಂಬಾ ವರ್ಷ ಬಾಳುತ್ತೆ ಅಂತ ನಾನು ಓದಿ ಹೇಳಿದೆ. ತಾತ, "ಅಷ್ಟು ವರ್ಷಕ್ಕೆಲ್ಲ ಬೇಕಿಲ್ಲ ಬಿಡು, ರಬ್ಬರಿದ್ದೇ ಸಾಕು" ಅಂದರು. ನಾನು ಆರ್ಡರ್ ಬಟನ್ ಒತ್ತಿದೆ. ಮನೆಗೆ ಬಂದು, ಅಪ್ಪನಿಗೊಬ್ಬ ಗೆಳೆಯ ಸಿಕ್ಕರಲ್ಲ ಅಂತ ಗಂಡನ ಹತ್ತಿರ ಸಂಭ್ರಮ ಪಟ್ಟಿದ್ದೂ ಆಯ್ತು.

ರಾತ್ರಿ ಊಟದ ತಟ್ಟೆ ಮುಂದೆ ಅಪ್ಪ ಮಾತಾಡಲಿಲ್ಲ. ಎಲ್ಲ ಮಲಗಿದ ಮೇಲೆ ಅಡುಗೆಮನೆಗೆ ಬಂದು ನಿಂತರು.

"ಪುಟ್ಟಿ, ಅವ್ರು ಗುರಿ ಹೊಡೆಯೋಕೆ ಹೋಗ್ತಾರಾ?"

"ಇಲ್ಲಪ್ಪ, ಎಷ್ಟೋ ವರ್ಷ ಆಯ್ತಂತೆ."

"ಕಳ್ಳರ ಭಯ?"

"ಈ ಬೀದೀಲಿ ಎಂಥ ಕಳ್ಳರಪ್ಪ, ಬಾಗಿಲೇ ಹಾಕಲ್ಲ ಅವರು."

"ಮತ್ತೆ ಆ ಹಿಡಿ ಯಾಕೆ ಸರಿಮಾಡಿಸ್ತಿದಾರೆ?"

ನಾನು ಸಿಂಕಿನ ನಲ್ಲಿ ನಿಲ್ಲಿಸಿದೆ. ಅಪ್ಪ ಬೆರಳು ಮಡಚುತ್ತಾ ಎಣಿಸಿದರು. ನಾಯಿ ಕೊಟ್ಟಾಯ್ತು. ಹೊಲಿಗೆ ಮಿಷನ್ ಕೊಟ್ಟಾಯ್ತು. ಬೆಂಚಿನ ಹಿಂದಿನ ಗೋಡೆಯಲ್ಲಿ ಉಳಿ, ಗರಗಸ ನೇತುಹಾಕೋ ಮೊಳೆಗಳೆಲ್ಲ ಖಾಲಿ, ಯಾರಿಗೋ ಕೊಟ್ಟಿದಾರೆ. "ಅಷ್ಟು ವರ್ಷಕ್ಕೆ ಬೇಕಿಲ್ಲ ಅಂದ್ರಲ್ಲ, ಅದು ನನಗೂ ಅರ್ಥ ಆಯ್ತು ಕಣಮ್ಮ. ಅಷ್ಟು ಇಂಗ್ಲಿಷು ನನಗೂ ಬರುತ್ತೆ."

ನಾನು, "ಅಪ್ಪ, ನೀವು ಪೊಲೀಸ್ ಬುದ್ಧಿ ಉಪಯೋಗಿಸ್ತಿದೀರ, ಸುಮ್ನಿರಿ" ಅಂದೆ. ಹೆದರಿಕೆಗೆ ಹಾಗಂದಿದ್ದು.

"ಪೊಲೀಸ್ ಬುದ್ಧಿ ಅಲ್ಲ" ಅಂದರು ಅಪ್ಪ. "ನಿಮ್ಮಮ್ಮ ಹೋದ ಮೇಲೆ ನಾನೂ ಹಂಗೇ ಕೊಡ್ತಾ ಬಂದೆ. ಅವಳ ತಾಮ್ರದ ಹಂಡೆ, ಸೀರೆ, ನನ್ನ ಸೈಕಲ್ಲು. ನಿನಗೆ ಫೋನಲ್ಲಿ ಮನೆ ಕ್ಲೀನ್ ಮಾಡ್ತಿದೀನಿ ಅಂದೆ. ಇಪ್ಪತ್ತೆಂಟು ವರ್ಷ ಶಸ್ತ್ರಾಗಾರದ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಆಗ ಇರಲಿಲ್ಲ. ಅಷ್ಟೇ ವ್ಯತ್ಯಾಸ."

ಅಷ್ಟು ಹೇಳಿ ನೀರು ಕುಡಿದು ಹೋಗಿ ಮಲಗಿದರು. ನಾನು ಬೆಳಗಿನ ಜಾವದವರೆಗೂ ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಎರಡು ವರ್ಷದಿಂದ ಪ್ರತಿ ಭಾನುವಾರ ಸ್ಕೈಪಿನಲ್ಲಿ "ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ರಾ" ಅಂತ ಕೇಳಿದ್ದೆ. ಅದೊಂದನ್ನು ಬಿಟ್ಟು ಎಲ್ಲ ಕೇಳಿದ್ದೆ.

ಆ ರಾತ್ರಿ ಓದಿದ್ದು ಇನ್ನೂ ನೆನಪಿದೆ. ಈ ದೇಶದಲ್ಲಿ ಬಂದೂಕಿನಿಂದ ಸಾಯೋರು ಅಂದಾಗ ನಾವು ಕೊಲೆ, ದರೋಡೆ, ಶಾಲೆಯಲ್ಲಿ ಗುಂಡಿನ ದಾಳಿ ಅಂದುಕೊಳ್ಳುತ್ತೇವೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಜೀವ ತಾವೇ ತೆಗೆದುಕೊಂಡವರು. ವಯಸ್ಸಾದ ಗಂಡಸರಲ್ಲಿ ಇದು ಇನ್ನೂ ಹೆಚ್ಚು. ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗಾಗುತ್ತೆ ಅಂತ ನಾನೂ ನಂಬಿದ್ದೆ. ಹಾಗೇನೂ ಇಲ್ಲ, ಕೇಳಲೇಬೇಕು ಅಂತ ತಿಳಿದವರು ಬರೆದಿದ್ದರು. ಆ ಗಳಿಗೆ ದಾಟೋವರೆಗೆ ಆಯುಧ ದೂರ ಇದ್ದರೆ ಎಷ್ಟೋ ಜನ ಉಳಿಯುತ್ತಾರೆ ಅಂತಲೂ ಇತ್ತು.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಹೋದೆವು. ಅಪ್ಪ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಬೆಂಚಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಸುತ್ತುಬಳಸದೆ, "ಕೇಳು" ಅಂದರು ನನಗೆ. ನಾನು ಕೇಳಿದೆ. ನನ್ನ ಗಂಟಲು ಒಣಗಿತ್ತು. ಸಾರ್, ಈ ಹಿಡಿ ಸರಿಮಾಡಿಸ್ತಿರೋದು ನಿಮ್ಮ ಜೀವ ತೆಗೆದುಕೊಳ್ಳೋಕಾ ಅಂತ ನಮ್ಮಪ್ಪ ಕೇಳ್ತಿದ್ದಾರೆ.

ತಾತ ಸಿಟ್ಟಾಗಲಿಲ್ಲ. ಊದಿದ ಬೆರಳುಗಳನ್ನು ನೋಡಿಕೊಂಡರು. ತುಂಬಾ ಹೊತ್ತಾದ ಮೇಲೆ, "ಇನ್ನೂ ತೀರ್ಮಾನ ಮಾಡಿಲ್ಲ" ಅಂದರು. ಆ ಮಾತನ್ನು ನಾನು ಕನ್ನಡಕ್ಕೆ ತಿರುಗಿಸಬೇಕಾಗಲಿಲ್ಲ.

ಅಪ್ಪ ಉಪದೇಶ ಮಾಡಲಿಲ್ಲ. ಬದುಕು ದೊಡ್ಡದು, ದೇವರಿದ್ದಾನೆ, ಅವೆಲ್ಲ ಇಲ್ಲ. ಕಾಫಿ ಬಗ್ಗಿಸಿ ಕೊಟ್ಟರು. ತಮ್ಮ ಹೆಂಡತಿಯ ಹೆಸರು ಹೇಳಿದರು, ಹೋಗಿ ಎಷ್ಟು ವರ್ಷವಾಯ್ತು ಅಂತ ಬೆರಳಲ್ಲಿ ತೋರಿಸಿದರು. ಆಮೇಲೆ ನನಗೆ, "ಹೇಳು. ಶಸ್ತ್ರಾಗಾರದಲ್ಲಿ ಒಂದು ನಿಯಮ. ಮೈ ಹುಷಾರಿಲ್ಲದವನು ಆಯುಧ ಒಪ್ಪಿಸಿ ರಜಾ ಹೋಗ್ಬೇಕು. ವಾಪಸ್ ಬಂದಾಗ ಸಹಿ ಹಾಕಿ ತಗೋಬಹುದು. ಅದ್ರಲ್ಲಿ ಅವಮಾನ ಏನಿಲ್ಲ. ನಾನು ತಗೊಳ್ಳೋ ಹಾಗಿಲ್ಲ, ನಿಮ್ಮ ಸರ್ಕಾರ ಬಿಡಲ್ಲ. ಯಾರಿಗೆ ಒಪ್ಪಿಸ್ತೀರಾ ಕೇಳು."

ತಾತ ನಕ್ಕರು, ಅಳುತ್ತಲೂ ಇದ್ದರು. ಮಗಳ ನಂಬರ್ ಅವರೇ ಕೊಟ್ಟರು. ಎರಡು ಗಂಟೆ ದೂರದ ಕೊಲಂಬಸ್‌ನಿಂದ ಆಕೆ ಮಧ್ಯಾಹ್ನಕ್ಕೇ ಬಂದಳು. ಬೀಗದ ಪೆಟ್ಟಿಗೆಯಲ್ಲಿ ಎರಡೂ ರಿವಾಲ್ವರ್, ಇದ್ದ ತೋಟಾಗಳು ಎಲ್ಲ ತೆಗೆದುಕೊಂಡಳು. ದೊಡ್ಡದರ ಮರದ ಪಟ್ಟಿ ಬಿಚ್ಚಿದ್ದು ಬಿಚ್ಚಿದ ಹಾಗೇ ಇತ್ತು. ಮತ್ತೆ ಕೂರಿಸೋಕೆ ತಾತ ಕೈ ಹಾಕಿದಾಗ ಅಪ್ಪ, "ಬೇಡ, ಅದು ನಿಮ್ಮ ಹತ್ರನೇ ಇರ್ಲಿ" ಅಂತ ಸನ್ನೆ ಮಾಡಿದರು. ತಾತನ ಅಪ್ಪನ ಕೈ ಸವೆಸಿದ ಆ ಎರಡು ತುಂಡು ವಾಲ್‌ನಟ್ ಬೆಂಚಿನ ಡ್ರಾಯರಿಗೆ ಹೋದವು. ಅಪ್ಪ ಒಂದು ಹಾಳೆಯಲ್ಲಿ ದಿನಾಂಕ, ಎರಡು ಆಯುಧ, ಎರಡರ ನಂಬರ್, ಒಪ್ಪಿಸಿದವರು, ಪಡೆದವರು ಅಂತ ಕನ್ನಡದಲ್ಲೇ ಬರೆದು ಇಬ್ಬರ ಸಹಿ ಹಾಕಿಸಿದರು. ಏನು ಬರೆದಿದೆ ಅಂತ ಅಪ್ಪ ಮಗಳು ಇಬ್ಬರೂ ಕೇಳಲಿಲ್ಲ. ಸಹಿ ಹಾಕಿದರು. ಮರುದಿನ ಮಗಳೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ನಾವು ಆರ್ಡರ್ ಮಾಡಿದ ಗ್ರಿಪ್ ಅದಾದ ಮೇಲೆ ಬಂತು. ಕೆ ಫ್ರೇಮು, ಚೌಕ ಬಟ್ಟು. ರಟ್ಟಿನ ಮೇಲಿನ ಪೆನ್ಸಿಲ್ ಗೆರೆಗೆ ಹಿಡಿದು ನೋಡಿದೆವು, ಈ ಸಲ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅದೂ ಡ್ರಾಯರಿಗೆ ಹೋಯ್ತು. ಬೇಸಿಗೆಯೆಲ್ಲ ಇಬ್ಬರೂ ಸೇರಿ ಉಳಿ, ಕೊಡಲಿ, ಸಲಿಕೆಗಳಿಗೆ ಹೊಸ ಹಿಡಿ ಮಾಡಿದರು. ಸಂಧಿವಾತದ ಕೈಗೆ ಎಷ್ಟು ದಪ್ಪ ಇರಬೇಕು ಅಂತ ಅಪ್ಪ ತಾತನ ಅಂಗೈ ಅಳೆಯೋದು, ತಾತ ಕೆತ್ತೋದು. ಕೊಟ್ಟಿದ್ದ ಗರಗಸಗಳಲ್ಲಿ ಎರಡನ್ನು ತಾತ ನಾಚಿಕೆ ಬಿಟ್ಟು ವಾಪಸ್ ಕೇಳಿ ತಂದರು. ನಾನೂ ಹೊಲಿಗೆ ಮಿಷನ್ ಎತ್ತಿಕೊಂಡು ಹೋಗಿ ಕೊಟ್ಟೆ. "ಇದು ಬೇಡ, ನಿಜಕ್ಕೂ ನಿನಗೇ" ಅಂದರು.

ಸೆಪ್ಟೆಂಬರಿನಲ್ಲಿ ಅಪ್ಪ ಊರಿಗೆ ಹೊರಟರು. ಸೂಟ್‌ಕೇಸಿನಲ್ಲಿ ತಾತ ಮಾಡಿಕೊಟ್ಟ ಒಂದು ಮಚ್ಚಿನ ಹಿಡಿ ಇತ್ತು. ಮಚ್ಚಿಲ್ಲ, ಹಿಡಿ ಮಾತ್ರ. ಕಸ್ಟಮ್ಸಿನವರು ಕೇಳಿದರೆ ಏನಂತೀರಾ ಅಂದಿದ್ದಕ್ಕೆ, "ಮರ ಅಂತೀನಿ" ಅಂದರು.

ಈಗಲೂ ಪ್ರತಿ ಭಾನುವಾರ ಫೋನ್ ಮಾಡುತ್ತೇನೆ. ಊಟ, ಬಿಪಿ ಮಾತ್ರೆ ಎಲ್ಲ ಆದ ಮೇಲೆ ಒಂದು ಪ್ರಶ್ನೆ ಹೆಚ್ಚಾಗಿದೆ. "ಅಪ್ಪ, ಈ ವಾರ ಯಾರಿಗಾದರೂ ಏನಾದರೂ ಕೊಟ್ರಾ?" ಅಪ್ಪನಿಗೆ ನಾನು ಏನು ಕೇಳ್ತಿದೀನಿ ಅಂತ ಗೊತ್ತು. "ಇಲ್ಲ ಕಣಮ್ಮ, ಮಚ್ಚಿಗೆ ಹಿಡಿ ಹಾಕಿಸ್ದೆ, ಸರಿಯಾಗಿ ಕೂತಿದೆ. ಪಕ್ಕದ್ಮನೆಯವ್ರು ಹೆಂಗಿದಾರೆ, ನೋಡ್ಕೊಂಡ್ ಬಂದ್ಯಾ?" ಅಂತಾರೆ.